ಚೀಟಪ್ಪನವರ ಕಿಟಕಿ ರಿಪೇರಿ

ಆ ವರ್ಷ ಚೀಟಪ್ಪನವರ ಮನೆಯಲ್ಲಿ ಕೆಡದೆ ಉಳಿದದ್ದು ಚೀಟಪ್ಪನವರು ಒಬ್ಬರೇ. ಇದು ಅವರ ಸ್ವಂತ ಅಭಿಪ್ರಾಯ.

ಮಲಗುವ ಕೋಣೆಯ ಕಿಟಕಿಗೆ ಮೂರು ಸಲ ಹೊಸ ಚಿಲಕ ಹಾಕಿಸಿದ್ದಾಗಿತ್ತು. ಮಲಗುವ ಮುಂಚೆ ಅವರೇ ಕೈಯಾರೆ ಹಾಕಿದ ಚಿಲಕ, ಬೆಳಗ್ಗೆ ಎದ್ದು ನೋಡಿದರೆ ತೆರೆದುಕೊಂಡಿರುತ್ತಿತ್ತು. ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಂದು ಮೆಕ್ಯಾನಿಕ್ಕನನ್ನು ಎರಡು ಸಲ ಕರೆಸಿದರು. ಆತ ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಹಾಕಿ, "ಸಾರ್, ಇದು ನಮ್ಮನೆ ಫ್ರಿಜ್ಜಿಗಿಂತ ಚೆನ್ನಾಗಿದೆ" ಎಂದು ಹೇಳಿ ಹೋದ. ಹೆಂಡತಿಯ ದಿಂಬು ಬೆಳಗ್ಗೆ ಒದ್ದೆಯಾಗಿರುವುದನ್ನು ಕಂಡು ಸೂರು ಸೋರುತ್ತಿದೆಯೆಂದು ತೀರ್ಮಾನಿಸಿ, ಗಾರೆ ಕೆಲಸದವನನ್ನು ತಾರಸಿ ಹತ್ತಿಸಿದರು. ಮಳೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಕುಕ್ಕರಿನ ಹಿಡಿ ಸಡಿಲವಾಗಿರಬೇಕು, ಇಲ್ಲದಿದ್ದರೆ ಅಡುಗೆಮನೆಯಿಂದ ಅಷ್ಟೊಂದು ಸದ್ದು ಯಾಕೆ ಬರುತ್ತದೆ? ಅದಕ್ಕೂ ಹೊಸ ಹಿಡಿ ಬಂತು. ಮನೆಯ ಬೀಗದ ಕೈ ಒಮ್ಮೆ ಅಕ್ಕಿ ಡಬ್ಬದಲ್ಲಿ, ಒಮ್ಮೆ ಸೋಪಿನ ಪೆಟ್ಟಿಗೆಯಲ್ಲಿ ಸಿಗತೊಡಗಿದ್ದರಿಂದ ಅದರ ಮೂರು ನಕಲು ಮಾಡಿಸಿಟ್ಟರು. ಮನೆಯ ವಿಷಯದಲ್ಲಿ ತಮ್ಮಷ್ಟು ಎಚ್ಚರದಿಂದ ಇರುವ ಗಂಡಸು ಆ ಬೀದಿಯಲ್ಲೇ ಇಲ್ಲವೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಲು ಯಾರಿಂದಲೂ ಆಗಿರಲಿಲ್ಲ.

ಹೊರಗಿನ ಪ್ರಪಂಚದಲ್ಲಿ ಅವರು ಆಸ್ಪತ್ರೆಯ ಮುಂಬಾಗಿಲಿನ ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು, ವಯಸ್ಸು, ತೊಂದರೆ ಕೇಳಿ ಚೀಟಿ ಬರೆದುಕೊಡುವವರು. ಇಪ್ಪತ್ತಾರು ವರ್ಷ ಅದೇ ಕಿಂಡಿ, ಅದೇ ಸ್ಟೂಲು. ಹೀಗಾಗಿ ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವರು ಚೀಟಪ್ಪ ಆಗಿದ್ದರು. ಅವರ ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಟೀಚರು. ಮಗ್ಗಿಯೆಂದರೆ ಟೀಚರಮ್ಮ, ಟೀಚರಮ್ಮ ಎಂದರೆ ಮಗ್ಗಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹತ್ತೊಂಬತ್ತರ ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳಬಲ್ಲವರು.

ಈಗ ಚೀಟಪ್ಪನವರಿಗೆ ಗೊತ್ತಿಲ್ಲದ, ಆದರೆ ಕಥೆ ಕೇಳುವವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿ. ಟೀಚರಮ್ಮನ ಕೈಚೀಲದಲ್ಲಿ, ಹಾಜರಿ ಪುಸ್ತಕದ ಕೆಳಗೆ, ಒಂದು ರಾಜೀನಾಮೆ ಪತ್ರ ಎರಡು ವಾರದಿಂದ ಕೂತಿತ್ತು. ತನಗೆ ಬುದ್ಧಿ ಜಾರುತ್ತಿದೆ, ಮಕ್ಕಳ ಎದುರು ನಗೆಪಾಟಲಾಗುವ ಮೊದಲೇ ಗೌರವದಿಂದ ಎದ್ದು ಬರಬೇಕು ಎಂದು ಆಕೆ ನಿಶ್ಚಯಿಸಿದ್ದರು. ಸೋಮವಾರ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಅದನ್ನು ಇಡುವುದಿತ್ತು. ಈ ವಿಷಯ ಆಕೆ ಯಾರಿಗೂ ಹೇಳಿರಲಿಲ್ಲ.

ಆ ವಾರದ ಬುಧವಾರ, ಆಸ್ಪತ್ರೆಯ ಹಾರ್ಮೋನು ಡಾಕ್ಟರಮ್ಮ ಕೌಂಟರಿನ ಬಳಿ ಬಂದರು. ಶನಿವಾರ ಸುತ್ತಮುತ್ತಲ ಆಸ್ಪತ್ರೆಗಳ ನರ್ಸುಗಳಿಗೆ ಅವರು ತರಬೇತಿ ಇಟ್ಟುಕೊಂಡಿದ್ದರು. ಹಾರ್ಮೋನು ಏರುಪೇರಾದರೆ ಗುರುತಿಸುವುದು ಹೇಗೆ, ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಹಾರ್ಮೋನು ಚಿಕಿತ್ಸೆ ಯಾರಿಗೆ ಕೊಡಬಹುದು, ಯಾರಿಗೆ ಕೂಡದು ಎಂಬ ಪಾಠ. ಬರೀ ಪಾಠ ಸಾಲದು, ಕೇಳುವುದನ್ನು ಕಲಿಯಬೇಕು ಎಂಬುದು ಡಾಕ್ಟರಮ್ಮನ ಹಟ. ಅದಕ್ಕೆ ರೋಗಿಯ ಹಾಗೆ ನಟಿಸುವವರು ಬೇಕಾಗಿತ್ತು. ಹೆಂಡತಿಯ ಪಾತ್ರಕ್ಕೆ ನಾಟಕದ ಹೆಂಗಸೊಬ್ಬರು ಬರುತ್ತಿದ್ದರು. ಗಂಡನ ಪಾತ್ರಕ್ಕೆ ಆಂಬುಲೆನ್ಸ್ ಡ್ರೈವರನ್ನು ಕೇಳಿದರೆ ಅವನು ಆಂಬುಲೆನ್ಸ್ ಸಮೇತ ಕಣ್ಮರೆಯಾಗಿದ್ದ.

"ಚೀಟಪ್ಪನವರೇ, ಶನಿವಾರ ಒಂದು ಚಿಕ್ಕ ಪಾತ್ರ..."

"ಮಾಡ್ತೀನಿ ಮೇಡಂ."

"ಏನು ಪಾತ್ರ ಅಂತ ಹೇಳಿಲ್ಲ ಇನ್ನೂ."

"ಏನಾದ್ರೂ ಆಗ್ಲಿ ಮೇಡಂ. ಹೈಸ್ಕೂಲಲ್ಲಿ ನಾನು ದ್ವಾರಪಾಲಕನ ಪಾತ್ರ ಮಾಡಿದ್ದೆ. 'ಮಹಾಪ್ರಭು, ಯಾರೋ ಬಂದಿದ್ದಾರೆ' ಅಂತ ಒಂದೇ ಮಾತು. ಜನ ಎದ್ದು ನಿಂತ್ರು."

ಜನ ಎದ್ದು ನಿಂತದ್ದು ಆಗ ಕರೆಂಟು ಹೋದದ್ದಕ್ಕೆ ಎಂಬುದನ್ನು ಅವರು ಹೇಳಲಿಲ್ಲ.

ಡಾಕ್ಟರಮ್ಮ ಒಂದು ಹಳದಿ ಕಾರ್ಡು ಕೊಟ್ಟು ಮೂರು ನಿಯಮ ಹೇಳಿದರು. ಒಂದು, ಕಾರ್ಡಿನಲ್ಲಿ ಇರುವುದನ್ನು ಮಾತ್ರ ಹೇಳಬೇಕು. ಎರಡು, ಕಾರ್ಡಿನಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ "ನಾನು ಗಮನಿಸಿಲ್ಲ" ಎನ್ನಬೇಕು, ಸ್ವಂತದ್ದು ಏನೂ ಸೇರಿಸಕೂಡದು. ಮೂರು, ಶನಿವಾರದವರೆಗೆ ಕಾರ್ಡಿನ ವಿಷಯ ಯಾರ ಹತ್ತಿರವೂ ಬಾಯಿಬಿಡಕೂಡದು, ನರ್ಸುಗಳ ಕಿವಿಗೆ ಬಿದ್ದರೆ ಅಭ್ಯಾಸವೇ ಹಾಳು.

ಚೀಟಪ್ಪನವರು ಕಾರ್ಡನ್ನು ಅಂಗಿಯ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ಆಮೇಲೆ ಕಿಂಡಿಯಲ್ಲಿ "ಹತ್ತು ನಿಮಿಷ" ಎಂಬ ಬೋರ್ಡಿಟ್ಟು, ಹಿಂದಿನ ಕೋಣೆಗೆ ಹೋಗಿ ಓದಿದರು.

"ನೀವು ಗಂಡ. ವಯಸ್ಸು ಐವತ್ತನಾಲ್ಕು. ಹೆಂಡತಿಗೆ ಐವತ್ತು, ಉದ್ಯೋಗದಲ್ಲಿದ್ದಾರೆ. ಒಂದೂವರೆ ವರ್ಷದಿಂದ ಅವರು ಮೊದಲಿನ ಹಾಗಿಲ್ಲ. ನಿದ್ದೆಯಿಲ್ಲ. ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ ಬೆವರುತ್ತಾರೆ. ಸಣ್ಣದಕ್ಕೂ ಸಿಟ್ಟು. ಮರೆವು. ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ. ಆಸ್ಪತ್ರೆಗೆ ಬರಲು ಒಪ್ಪದೆ ಇರುವುದರಿಂದ ನೀವು ಬಂದಿದ್ದೀರಿ. ಕೊನೆಯಲ್ಲಿ ಗಂಡ ಅಳಬಹುದು. ಅಳದಿದ್ದರೂ ನಡೆಯುತ್ತದೆ."

ಓದಿ ಚೀಟಪ್ಪನವರು ಲೊಚಗುಟ್ಟಿದರು. ಪಾಪ, ಎಂಥ ಹೆಂಗಸೋ ಏನೋ. ಒಂದೂವರೆ ವರ್ಷ ಕಣ್ಣೆದುರಿಗೆ ಇಷ್ಟೆಲ್ಲ ಆಗುತ್ತಿದ್ದರೂ ಸುಮ್ಮನಿದ್ದ ಆ ಗಂಡ ಎಂಥ ಮಂಕುದಿಣ್ಣೆಯಾಗಿರಬೇಕು! ಆದರೆ ಕಲಾವಿದನಾದವನು ಮಂಕುದಿಣ್ಣೆಯನ್ನೂ ಪ್ರೀತಿಯಿಂದ ನಟಿಸಬೇಕು ಎಂದು ತಮಗೆ ತಾವೇ ಬುದ್ಧಿ ಹೇಳಿಕೊಂಡರು.

ಆ ಸಂಜೆ ಮನೆಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ತಾಲೀಮು ಶುರುಮಾಡಿದರು.

"ಡಾಕ್ಟ್ರೇ! ನನ್ನ ಹೆಂಡ್ತಿ ಮೊದಲಿನ ಹಾಗಿಲ್ಲ! ನಿದ್ದೆ ಇಲ್ಲ ಡಾಕ್ಟ್ರೇ, ಬೆವರ್ತಾಳೆ! ಸಣ್ಣದಕ್ಕೂ ಸಿಟ್ಟು! ಒಂದೂವರೆ ವರ್ಷದಿಂದ ನೋಡ್ತಿದ್ದೀನಿ, ಇನ್ನು ನೋಡಕ್ಕಾಗಲ್ಲ! ಮರೀತಾಳೆ! ಕೆಲಸಾನೇ ಬಿಡ್ತೀನಿ ಅಂತಿದ್ದಾಳೆ! ಏನಾದ್ರೂ ಮಾಡಿ ಡಾಕ್ಟ್ರೇ!"

"ಇನ್ನು ನೋಡಕ್ಕಾಗಲ್ಲ" ಎಂಬುದು ಕಾರ್ಡಿನಲ್ಲಿ ಇರಲಿಲ್ಲ. ಅದು ಕಲೆ.

ಬಚ್ಚಲಿನ ಹೊರಗೆ ಒಗೆಯುವ ಬಟ್ಟೆ ಎತ್ತಿಕೊಂಡು ಬಂದಿದ್ದ ಟೀಚರಮ್ಮ ಬಟ್ಟೆಯ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟರು. ಬಚ್ಚಲಿನ ಗವಾಕ್ಷಿಯ ಆಚೆ ಬದಿಯ ಮನೆಯಲ್ಲಿ ಎಕ್ಸ್‌ಚೇಂಜಮ್ಮ ಗಿಡಕ್ಕೆ ನೀರು ಹಾಕುತ್ತಿದ್ದವರು ನೀರು ನಿಲ್ಲಿಸಿದರು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆಗೆ ಜೋಡಿಸುವುದು ಅವರ ಬೆರಳಿಗೆ ಅಂಟಿದ ಅಭ್ಯಾಸ. ಹತ್ತು ನಿಮಿಷದಲ್ಲಿ ಮೂರು ಬೀದಿಗೆ ಲೈನ್ ಸಿಕ್ಕಿತು. ಹನ್ನೊಂದನೆಯ ನಿಮಿಷದಲ್ಲಿ ಟೀಚರಮ್ಮನ ಅಣ್ಣನಿಗೆ ಟ್ರಂಕ್ ಕಾಲ್ ಹೋದ ಹಾಗೆ ಫೋನು ಹೋಯಿತು. "ನಿಮ್ಮ ತಂಗಿಗೆ ಏನೋ ಆಗಿದೆಯಂತೆ. ಗಂಡ ಬಚ್ಚಲಲ್ಲಿ ಒಬ್ಬನೇ ನಿಂತು ಅಳ್ತಿದಾನೆ. ನಾನು ಹೇಳಿದೆ ಅಂತ ಹೇಳ್ಬೇಡಿ."

ಅಣ್ಣ ಗುರುವಾರ ಬೆಳಗ್ಗೆಯೇ ಬಂದಿಳಿದ. ಬಸ್ಸಿನ ಟಿಕೆಟ್ ತಪಾಸಣೆಯ ಕೆಲಸದಲ್ಲಿ ಕೂದಲು ಹಣ್ಣಾದ ಮನುಷ್ಯ. ಎದುರಿಗಿರುವವರು ಏನನ್ನೋ ಬಚ್ಚಿಟ್ಟಿದ್ದಾರೆ ಎಂದುಕೊಂಡೇ ಮಾತಿಗೆ ಶುರುಮಾಡುವುದು ಅವನ ಪದ್ಧತಿ. ಚೀಟಪ್ಪನವರನ್ನು ಅಂಗಳದ ಮೂಲೆಗೆ ಎಳೆದುಕೊಂಡು ಹೋದ.

"ನನಗೆಲ್ಲ ಗೊತ್ತಾಯ್ತು."

ತಮ್ಮ ನಟನೆಯ ಸುದ್ದಿ ಇಷ್ಟು ದೂರ ಹಬ್ಬಿತೇ ಎಂದು ಚೀಟಪ್ಪನವರಿಗೆ ಒಳಗೊಳಗೇ ಹಿಗ್ಗು. "ಅಯ್ಯೋ, ಇಷ್ಟಕ್ಕೆಲ್ಲ ನೀವು ಅಲ್ಲಿಂದ ಬರೋದಾ ಭಾವ!"

"ಇಷ್ಟಕ್ಕೆಲ್ಲಾನಾ? ಎಷ್ಟು ಧೈರ್ಯ ಅಪ್ಪಾ ನಿನಗೆ! ಡಾಕ್ಟ್ರು ಏನಂದ್ರು?"

"ಏನೂ ಹೇಳೋ ಹಾಗಿಲ್ಲ. ಶನಿವಾರದ ತನಕ ಯಾರ ಹತ್ರಾನೂ ಬಾಯಿ ಬಿಡಬೇಡಿ ಅಂದಿದಾರೆ."

ಭಾವನ ಮುಖ ಸುಣ್ಣದಂತಾಯಿತು. "ಅಷ್ಟು ಸೀರಿಯಸ್ಸಾ?"

"ತುಂಬಾ ಸೀರಿಯಸ್ಸು. ನಗು ಬರೋ ಹಾಗೆ ಒಂದು ಸಾಲೂ ಇಲ್ಲ."

"ಕೊನೆಗೆ... ಕೊನೆಗೆ ಏನಾಗತ್ತಂತೆ?"

"ಕೊನೆಯಲ್ಲಿ ಗಂಡ ಅಳಬಹುದು ಅಂತಿದೆ. ಅಳೋದು ಬಿಡೋದು ನನಗೇ ಬಿಟ್ಟಿದ್ದಾರೆ. ನಾನು ಅಳೋಣ ಅಂತಿದ್ದೀನಿ ಭಾವ. ನಾಲ್ಕು ಜನದ ಮುಂದೆ ಒಂದು ತೂಕ ಇರತ್ತೆ."

ಭಾವ ಎರಡೂ ಕೈಯಿಂದ ಅವರ ಹೆಗಲು ಹಿಡಿದುಕೊಂಡ. ಇಪ್ಪತ್ತೈದು ವರ್ಷದಲ್ಲಿ ಇಬ್ಬರೂ ಅಷ್ಟು ಹತ್ತಿರ ನಿಂತದ್ದೇ ಇಲ್ಲ. "ಅಳಪ್ಪಾ, ಅಳು. ನಾನಿದ್ದೀನಿ. ಶನಿವಾರ ಪಕ್ಕದಲ್ಲೇ ನಿಂತಿರ್ತೀನಿ."

"ಒಳಗೆ ಬಿಡಲ್ಲ ಭಾವ. ಬರೀ ನರ್ಸುಗಳು."

"ಅಯ್ಯೋ ದೇವರೇ, ಒಳಗೂ ಬಿಡಲ್ವಾ!" ಎಂದು ಭಾವ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ.

ಅಂದಿನಿಂದ ಟೀಚರಮ್ಮನಿಗೆ ಕೂತರೆ ಒಬ್ಬರು ದಿಂಬು ಕೊಡುವುದು, ನಿಂತರೆ ಒಬ್ಬರು ಕುರ್ಚಿ ತರುವುದು. ಬೀದಿಯವರು ಕಿತ್ತಳೆ, ಸೇಬು, ದ್ರಾಕ್ಷಿ ಹಿಡಿದು ಬಂದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಪಿಸುಮಾತಿನಲ್ಲಿ "ಹೇಗಿದಾರೆ?" ಎಂದು ಆಕೆಯನ್ನೇ ಕೇಳುತ್ತಿದ್ದರು. ಎಕ್ಸ್‌ಚೇಂಜಮ್ಮ ಹಾಸಿಗೆಯ ಪಕ್ಕ ಕೂತು, "ಏನೂ ಯೋಚನೆ ಮಾಡ್ಬೇಡಮ್ಮಾ. ನನಗೆ ಏನೂ ಗೊತ್ತಿಲ್ಲ" ಎಂದು ಆರು ಸಲ ಹೇಳಿದರು. ಭಾವ ಕುಕ್ಕರು ಮುಟ್ಟಲು ಬಿಡಲಿಲ್ಲ. ತಾನೇ ಅಡುಗೆ ಮಾಡುತ್ತೇನೆಂದು ಹೊರಟು ಒಂದು ಪಾತ್ರೆಯನ್ನು ಶಾಶ್ವತವಾಗಿ ಕಪ್ಪು ಮಾಡಿದ.

ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಟೀಚರಮ್ಮ ಎಲ್ಲರನ್ನೂ ಸಾಲಾಗಿ ಹೊರಗೆ ನಿಲ್ಲಿಸುತ್ತಿದ್ದರು. ಆದರೆ ಆಕೆಯ ಕಿವಿಯಲ್ಲಿ ಬಚ್ಚಲಿನ ಮಾತುಗಳೇ ಗುಂಯ್ಗುಟ್ಟುತ್ತಿದ್ದವು. ಈ ಮನುಷ್ಯ ಎಲ್ಲವನ್ನೂ ನೋಡಿದ್ದಾರೆ! ಬೆವರು, ನಿದ್ದೆ, ಸಿಟ್ಟು, ಮರೆವು. ಯಾರಿಗೂ ಹೇಳದ ರಾಜೀನಾಮೆಯ ಸಂಗತಿಯನ್ನೂ ಹೇಗೋ ಹಿಡಿದುಬಿಟ್ಟಿದ್ದಾರೆ. ನೋಡಿಯೂ ನೋಡದವರ ಹಾಗೆ ಇದ್ದು, ಬಚ್ಚಲಿನಲ್ಲಿ ಒಬ್ಬರೇ ಗೋಳಾಡುತ್ತಿದ್ದಾರೆ. ಒಂದೂವರೆ ವರ್ಷದಿಂದ ಒಂಟಿಯಾಗಿ ಹೊತ್ತಿದ್ದ ಭಾರವನ್ನು ಯಾರೋ ಅರ್ಧ ಎತ್ತಿಕೊಂಡಂತಾಗಿ ಆಕೆಗೆ ಅಳು ಬಂತು, ಸಂತೋಷದ ಅಳು.

ಶುಕ್ರವಾರ ಬೆಳಗ್ಗೆ ಚೀಟಪ್ಪನವರಿಗೆ ಕಾಫಿ ಲೋಟ ಕೈಗೇ ಬಂತು, ಅದೂ ಬಿಸಿಯಾಗಿ. ಶನಿವಾರದ ಸುದ್ದಿ ಅಣ್ಣನಿಂದ ಟೀಚರಮ್ಮನ ಕಿವಿಗೆ ಬಿದ್ದಿತ್ತು.

"ರೀ, ನಾಳೆ ನಾನೂ ಬರ್ತೀನಿ ಆಸ್ಪತ್ರೆಗೆ."

"ನೀನೂನಾ!" ಚೀಟಪ್ಪನವರಿಗೆ ಹೃದಯ ತುಂಬಿ ಬಂತು. ದ್ವಾರಪಾಲಕನ ಕಥೆ ಹೇಳಿದಾಗಲೆಲ್ಲ ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದ ಹೆಂಡತಿ ಇವಳೇನಾ? "ಬಾ, ಬಾ. ಆದ್ರೆ ಹೊರಗೆ ಬೆಂಚಿನ ಮೇಲೆ ಕೂತಿರ್ಬೇಕಾಗತ್ತೆ. ನಾನು ಮೊದಲು ಒಳಗೆ ಹೋಗಿ ಎಲ್ಲಾ ಹೇಳ್ತೀನಿ."

"ಹೂಂ. ನೀವೇ ಹೇಳಿ. ನನಗೆ ಹೇಳ್ಕೊಳ್ಳೋಕೆ ನಾಚಿಕೆ." ಆಕೆ ಅವರ ಅಂಗಿಯ ಗುಂಡಿಯೊಂದು ಸಡಿಲವಾಗಿರುವುದನ್ನು ನೋಡಿ ಅಲ್ಲೇ ನಿಲ್ಲಿಸಿ ಹೊಲಿದುಕೊಟ್ಟರು.

ಶನಿವಾರ ಆಸ್ಪತ್ರೆಯ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ತರಬೇತಿ. ಒಂದು ಕೋಣೆಯಲ್ಲಿ ಹನ್ನೆರಡು ನರ್ಸುಗಳ ಎದುರು ಚೀಟಪ್ಪನವರು ಕಾರ್ಡು ಒಪ್ಪಿಸುತ್ತಿದ್ದರು. ಧ್ವನಿ ಎಷ್ಟು ಗಟ್ಟಿಯಾಗಿತ್ತೆಂದರೆ ಕೆಳಗಿನ ಎಕ್ಸ್‌ರೇ ವಿಭಾಗದಲ್ಲಿ ಉಸಿರು ಹಿಡಿದಿದ್ದವರು ಉಸಿರು ಬಿಟ್ಟರು. ಇನ್ನೊಂದು ಕೋಣೆಯ ಹನ್ನೆರಡು ಮಂದಿ ಹೆಂಡತಿಯ ಪಾತ್ರದವರಿಗಾಗಿ ಕಾಯುತ್ತಿದ್ದರು. ನಾಟಕದ ಹೆಂಗಸಿನ ಸುಳಿವಿಲ್ಲ. ಕನ್ನಡಕದ ಸಿಸ್ಟರೊಬ್ಬಳು ಹೊರಗೆ ಬಂದು ನೋಡಿದಳು. ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕೂತ ದಪ್ಪ ಮೀಸೆಯ ಗಂಡಸು.

"ನೀವು ಚೀಟಪ್ಪನವರ ಹೆಂಡ್ತಿನಾ?"

"ಹೌದು."

"ಅಯ್ಯೋ, ಇಲ್ಲೇ ಕೂತಿದೀರಾ! ನಿಮಗೋಸ್ಕರಾನೇ ಕಾಯ್ತಿದೀವಿ, ಬನ್ನಿ."

ಒಬ್ಬ ರೋಗಿಗೆ ಹನ್ನೆರಡು ನರ್ಸುಗಳು ಕಾಯುವ ಆಸ್ಪತ್ರೆ ಇದೆಯೆಂದು ಟೀಚರಮ್ಮನಿಗೆ ಗೊತ್ತಿರಲಿಲ್ಲ. ಗಂಡ ಎಷ್ಟು ಕಾಲು ಹಿಡಿದಿರಬೇಕು ಇವರದ್ದೆಲ್ಲ ಎಂದುಕೊಂಡು ಕುರ್ಚಿಯಲ್ಲಿ ಕೂತರು. ಕನ್ನಡಕದ ಸಿಸ್ಟರು ಕೇಳಿದಳು. ಆಕೆ ಹೇಳತೊಡಗಿದರು. ಮೊದಲು ತಡವರಿಸುತ್ತ, ಆಮೇಲೆ ಅಣೆಕಟ್ಟು ಒಡೆದಂತೆ.

"ಹೊಟ್ಟೆಯಿಂದ ಒಂದು ಬಿಸಿ ಏಳತ್ತಮ್ಮಾ, ಕುತ್ತಿಗೆ, ಮುಖ, ತಲೆ. ಒಲೆ ಮುಂದೆ ನಿಂತ ಹಾಗೆ. ದಿನಕ್ಕೆ ಹತ್ತು ಹನ್ನೆರಡು ಸಲ. ಆಮೇಲೆ ಬೆವರು, ಆಮೇಲೆ ಚಳಿ. ಮುಟ್ಟು ನಿಂತು ಒಂದು ವರ್ಷದ ಮೇಲಾಯ್ತು. ಅದು ಬಿಡಿ, ಎಲ್ಲರಿಗೂ ಆಗೋದೇ ಅಂದ್ಕೊಂಡೆ. ಆದ್ರೆ ಹೋದ ತಿಂಗಳು ಬೋರ್ಡಿನ ಮುಂದೆ ನಿಂತು, ಹದಿಮೂರೇಳು ಎಷ್ಟು ಅಂತ ಮಕ್ಕಳನ್ನ ಕೇಳಿದೆ. ಒಬ್ಬ ಎಂಬತ್ತೊಂಬತ್ತು ಅಂದ, ಒಬ್ಬಳು ತೊಂಬತ್ತೊಂದು ಅಂದ್ಲು, ಇನ್ನೊಬ್ಬ ತೊಂಬತ್ತಮೂರು ಅಂದ. ಯಾವುದು ಸರಿ ಅಂತ ನನಗೇ ಗೊತ್ತಾಗ್ಲಿಲ್ಲ. ಮಕ್ಕಳು ನನ್ನ ಮುಖ ನೋಡ್ತಿದಾರೆ. ನಾನು ಎಲ್ಲರಿಗೂ ಸರಿ ಅಂತ ಹೇಳಿ ಕೂತ್ಕೊಂಡುಬಿಟ್ಟೆ."

ಹನ್ನೆರಡೂ ನರ್ಸುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಬ್ಬರು ಕಣ್ಣೊರೆಸಿಕೊಂಡರು. ಕಷ್ಟ ಹೇಳಿಕೊಂಡವರಿಗೆ ಚಪ್ಪಾಳೆ ತಟ್ಟುವುದು ಈಗಿನ ಹೊಸ ಚಿಕಿತ್ಸೆಯಿರಬೇಕೆಂದು ಟೀಚರಮ್ಮ ಕೈಮುಗಿದರು.

ಆದರೆ ಎರಡೂ ಗುಂಪಿನವರು ಬರೆದುಕೊಂಡದ್ದನ್ನು ಹೋಲಿಸಿ ನೋಡಿದರೆ ತಾಳಮೇಳವಿರಲಿಲ್ಲ. ಹೆಂಡತಿ ಹೇಳಿದ್ದರಲ್ಲಿ ನೂರು ವಿವರ, ಗಂಡ ಹೇಳಿದ್ದರಲ್ಲಿ ಆರು ಸಾಲು, ಉಳಿದ ಪುಟದ ತುಂಬ "ಗಮನಿಸಿಲ್ಲ." ಹಾಗಾಗಿ ಗಂಡಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕೇಳುವುದೆಂದು ಇಪ್ಪತ್ತನಾಲ್ಕು ನರ್ಸುಗಳೂ ಸೇರಿ ನಿರ್ಧರಿಸಿದರು. ಡಾಕ್ಟರಮ್ಮ ಆಗ ಕೆಳಗಿನ ವಾರ್ಡಿನಿಂದ ಕರೆ ಬಂದು ಹೋಗಿದ್ದರು.

ಹೆಂಡತಿಯನ್ನು ಒಳಗೆ ಕರೆತಂದಾಗ ಚೀಟಪ್ಪನವರು ಬೆಚ್ಚಿದರು. ಮರುಕ್ಷಣವೇ ಅವರಿಗೆ ಎಲ್ಲ ಅರ್ಥವಾಯಿತು, ತಪ್ಪಾಗಿ. ನಾಟಕದವಳು ಬಂದಿಲ್ಲ, ಇವಳನ್ನೇ ಹಿಡಿದು ಪಾತ್ರಕ್ಕೆ ಹಾಕಿದ್ದಾರೆ. ಭಲೇ! ಪಕ್ಕದ ಕುರ್ಚಿಯಲ್ಲಿ ಕೂತ ಆಕೆಯ ಕಡೆಗೆ ಹೊಸ ನಟಿಗೆ ಹಳೆಯ ನಟ ಕೊಡುವಂಥ ಧೈರ್ಯದ ನೋಟ ಕೊಟ್ಟರು. ಆಕೆ ಕಣ್ಣಲ್ಲೇ ಕೃತಜ್ಞತೆ ಹೇಳಿದರು.

ಕನ್ನಡಕದ ಸಿಸ್ಟರು ಪೆನ್ನು ಹಿಡಿದಳು. "ಸಾರ್, ಇವರಿಗೆ ಯಾವಾಗಿನಿಂದ ಹೀಗಾಗ್ತಿದೆ?"

"ಒಂದೂವರೆ ವರ್ಷದಿಂದ. ಮೊದಲಿನ ಹಾಗಿಲ್ಲ. ನಿದ್ದೆಯಿಲ್ಲ. ಮೈ ಬಿಸಿಯೇರಿ ಬೆವರ್ತಾಳೆ."

ಟೀಚರಮ್ಮ ತಲೆಯಾಡಿಸಿದರು. ಕಣ್ಣು ತುಂಬಿತ್ತು.

"ಎಚ್ಚರ ಆದಾಗ ಇವರು ಎದ್ದು ಏನು ಮಾಡ್ತಾರೆ ಸಾರ್?"

ಕಾರ್ಡಿನಲ್ಲಿರಲಿಲ್ಲ. "ನಾನು ಗಮನಿಸಿಲ್ಲ."

"ಬೆವರಿದಾಗ ಬಟ್ಟೆ, ದಿಂಬು ಒದ್ದೆ ಆಗೋಷ್ಟು ಆಗತ್ತಾ?"

"ನಾನು ಗಮನಿಸಿಲ್ಲ."

ಟೀಚರಮ್ಮ ಗಂಡನ ಕಡೆ ತಿರುಗಿದರು.

"ಮರೆವು ಅಂದ್ರಲ್ಲ, ಏನನ್ನ ಮರೀತಾರೆ?"

"ನಾನು ಗಮನಿಸಿಲ್ಲ." ಈ ಸಲ ಚೀಟಪ್ಪನವರು ಆ ಮಾತಿಗೆ ಸ್ವಲ್ಪ ನಿಟ್ಟುಸಿರು ಸೇರಿಸಿದರು. ಬಹಳ ಚೆನ್ನಾಗಿ ಬಂತೆಂದು ಅವರಿಗೇ ಅನಿಸಿತು.

"ಇವರಿಗೆ ಯಾವುದಾದ್ರೂ ಹೊತ್ತಲ್ಲಿ ಒಂಟಿ ಅನ್ನಿಸಿರಬಹುದು ಅಂತ..."

"ನಾನು ಗಮನಿಸಿಲ್ಲ."

ಆಗಲೇ ಬಾಗಿಲು ದಡಾರನೆ ತೆರೆದುಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡ ಹೆಂಗಸೊಬ್ಬಳು ಏದುಸಿರು ಬಿಡುತ್ತ ನುಗ್ಗಿದಳು. ಹಿಂದೆಯೇ ಡಾಕ್ಟರಮ್ಮ. "ಸಾರಿ, ಸಾರಿ, ಬಸ್ಸು ಕೆಟ್ಟೋಯ್ತು! ನಾನೇ ಹೆಂಡ್ತಿ ಪಾತ್ರ! ಎಲ್ಲಿ ನನ್ನ ಗಂಡ?"

ಇಪ್ಪತ್ತನಾಲ್ಕು ತಲೆಗಳು ಆಕೆಯನ್ನು ನೋಡಿ, ಆಮೇಲೆ ಟೀಚರಮ್ಮನನ್ನು ನೋಡಿದವು.

"ಹಾಗಾದ್ರೆ ನೀವು ಯಾರಮ್ಮಾ?" ಎಂದಳು ಕನ್ನಡಕದ ಸಿಸ್ಟರು.

"ನಾನು ಇವರ ಹೆಂಡ್ತಿ."

"ಅದೇ, ಪಾತ್ರ..."

"ಪಾತ್ರ?" ಟೀಚರಮ್ಮನ ಕಣ್ಣು ಗಂಡನ ತೊಡೆಯ ಮೇಲಿದ್ದ ಹಳದಿ ಕಾರ್ಡಿನ ಮೇಲೆ ಬಿತ್ತು. ಕೈಚಾಚಿ ತೆಗೆದುಕೊಂಡು, ಮಕ್ಕಳ ಉತ್ತರಪತ್ರಿಕೆ ಓದುವ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಒಂದೂವರೆ ವರ್ಷ. ಬೆವರು. ಮರೆವು. ಕೆಲಸ ಬಿಡುವ ಯೋಚನೆ. ಅಳದಿದ್ದರೂ ನಡೆಯುತ್ತದೆ.

"ಇದೆಲ್ಲ ಅಚ್ಚು ಹಾಕಿ ಕೊಟ್ಟಿದ್ದು," ಎಂದರು ಮೆಲ್ಲಗೆ. "ನೀವು ನೋಡಿದ್ದಲ್ಲ. ನಿಮಗೆ ಏನೂ ಗೊತ್ತೇ ಇರ್ಲಿಲ್ಲ." ಕಾರ್ಡನ್ನು ಅವರ ತೊಡೆಯ ಮೇಲೆ ವಾಪಸು ಇಟ್ಟರು. ಕೈಚೀಲ ಎತ್ತಿಕೊಂಡರು. "ರಾಜೀನಾಮೆ ಬರೆದಿಟ್ಟಿದ್ದೆ. ನೀವು ಅದನ್ನೂ ತಿಳ್ಕೊಂಡಿದೀರಿ ಅಂತ ಮೂರು ದಿನ ಸಂತೋಷವಾಗಿದ್ದೆ ಕಣ್ರೀ."

ಇಪ್ಪತ್ತಾರು ವರ್ಷ ಕಿಂಡಿಯಲ್ಲಿ ಕೂತು ಇಡೀ ಊರಿಗೆ "ಏನು ತೊಂದರೆ?" ಎಂದು ಕೇಳಿದ ಮನುಷ್ಯ ಕಾರ್ಡಿನಲ್ಲಿ ಮುಂದಿನ ಮಾತು ಹುಡುಕತೊಡಗಿದರು. ಕನ್ನಡಕದ ಸಿಸ್ಟರಿಗೆ ಆ ಹೆಂಗಸು ಎದ್ದು ಹೋಗುವುದನ್ನು ನೋಡಲಾಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದಳು.

"ಸಾರ್, ಕಾರ್ಡು ಬಿಡಿ. ನಿಜವಾಗ್ಲೂ ಮನೇಲಿ ನೀವು ಏನೂ ಗಮನಿಸಿಲ್ವಾ?"

ಚೀಟಪ್ಪನವರು ಕಾರ್ಡನ್ನು ತಿರುಗಿಸಿ ನೋಡಿದರು. ಹಿಂದೆ ಖಾಲಿ.

"ಗಮನಿಸಿದೀನಮ್ಮಾ," ಎಂದರು. ಆ ಗಟ್ಟಿ ಧ್ವನಿ ಎಲ್ಲಿಗೋ ಹೋಗಿತ್ತು. "ಕಿಟಕಿ ಚಿಲಕ ನಿಲ್ತಿರ್ಲಿಲ್ಲ. ನಾನು ಹಾಕಿದ್ದು ಬೆಳಗ್ಗೆ ತೆಗೆದಿರ್ತಿತ್ತು. ಮೂರು ಸಲ ಬದಲಾಯಿಸಿದೆ."

"ನಾನೇ ತೆಗೀತಿದ್ದೆ," ಎಂದರು ಟೀಚರಮ್ಮ ಬಾಗಿಲ ಬಳಿಯಿಂದ. "ಸೆಕೆ ತಡೀಲಾರದೆ."

"ಫ್ರಿಜ್ಜಿನ ಬಾಗಿಲು ತೆರೆದಿರ್ತಿತ್ತು. ಮೆಕ್ಯಾನಿಕ್ಕು ಏನೂ ಆಗಿಲ್ಲ ಅಂದ."

"ಅದರ ಮುಂದೆ ನಿಂತ್ಕೋತಿದ್ದೆ, ತಣ್ಣಗಿರತ್ತೆ ಅಂತ."

"ದಿಂಬು ಒದ್ದೆ ಆಗ್ತಿತ್ತು. ಸೂರು ಸೋರ್ತಿದೆ ಅಂತ ಗಾರೆಯವನನ್ನ ಕರೆಸಿದೆ. ಅವನು ಮೋಡವೇ ಇಲ್ವಲ್ಲ ಸಾರ್ ಅಂದ. ನಿನ್ನ ಕೆಲಸ ನೀನು ನೋಡಯ್ಯ ಅಂದೆ." ಚೀಟಪ್ಪನವರು ಹೆಂಡತಿಯ ಕಡೆಗೆ ನೋಡಿದರು. "ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಗ್ತಿತ್ತು, ನೀನು ಹುಡುಕಿ ಹುಡುಕಿ ಅಳ್ತಿದ್ದೆ ಅಂತ ಮೂರು ಕೈ ಮಾಡಿಸಿದೆ. ಕುಕ್ಕರಿಗೆ ಹಿಡಿ ಹಾಕಿಸಿದೆ. ಎಲ್ಲಾ ನೋಡಿದೆ ಕಣೇ. ಒಂದೂ ಬಿಟ್ಟಿಲ್ಲ. ಮನೆ ಕೆಟ್ಟಿದೆ ಅಂದ್ಕೊಂಡೆ. ನಿನಗೆ ಕಷ್ಟ ಆಗ್ತಿದೆ ಅಂತ ನನಗೆ ಹೊಳೀಲೇ ಇಲ್ಲ."

ಹೇಳುತ್ತ ಹೇಳುತ್ತ ಅವರು ಅತ್ತುಬಿಟ್ಟರು. ಮೂಗು ಸೊರಸೊರ ಎನ್ನುವ, ನಾಲ್ಕು ಜನದ ಮುಂದೆ ಏನೂ ತೂಕವಿಲ್ಲದ ಅಳು.

ಟೀಚರಮ್ಮ ಮೊದಲು ಗಂಭೀರವಾಗಿಯೇ ಇದ್ದರು. ಆಮೇಲೆ ಬಿರುಬೇಸಗೆಯಲ್ಲಿ ತಾರಸಿಯ ಮೇಲೆ ಸೋರುವ ಜಾಗ ಹುಡುಕುತ್ತಿದ್ದ ಗಾರೆಯವನ ಮುಖ ನೆನಪಾಯಿತೋ ಏನೋ, ತುಟಿ ಅದುರಿತು. ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಎಷ್ಟೋ ತಿಂಗಳಿಂದ ಆಕೆ ಹಾಗೆ ನಕ್ಕಿರಲಿಲ್ಲ. ವಾಪಸು ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಕಾರ್ಡು ಹಿಡಿದಿದ್ದ ಗಂಡನ ಕೈಮೇಲೆ ಕೈಯಿಟ್ಟರು.

ಡಾಕ್ಟರಮ್ಮ ಹಿಂದಿನಿಂದ ಮುಂದಕ್ಕೆ ಬಂದರು. "ಎಲ್ಲರೂ ಬರ್ಕೊಳ್ಳಿ," ಎಂದರು. "ಹೆಂಡತಿಗೆ ಏನಾಗಿದೆ ಅಂತ ಕೇಳಿದ್ರೆ ಕೆಲವರಿಗೆ ಉತ್ತರ ಗೊತ್ತಿರಲ್ಲ. ಮನೇಲಿ ಈ ನಡುವೆ ಏನೇನು ರಿಪೇರಿ ಮಾಡಿಸಿದ್ರಿ ಅಂತ ಕೇಳಿ."

ಇಪ್ಪತ್ತನಾಲ್ಕು ಪೆನ್ನುಗಳು ಓಡಿದವು. ಕಿತ್ತಳೆ ಹಿಡಿದು ಬಾಗಿಲಲ್ಲಿ ಇಣುಕುತ್ತಿದ್ದ ಭಾವನೂ ಎದೆಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. ಅವನ ಮನೆಯಲ್ಲಿ ಆರು ತಿಂಗಳಲ್ಲಿ ಎರಡು ಫ್ಯಾನು ಬದಲಾಗಿದ್ದವು.

ಆಮೇಲೆ ನಡೆದದ್ದು ನಟನೆಯಲ್ಲ. ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಟೀಚರಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ರಕ್ತದೊತ್ತಡ ನೋಡಿದರು. ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಸ್ತನದಲ್ಲಿ ಗಂಟು, ಹೃದಯದ ತೊಂದರೆ, ಯಕೃತ್ತಿನ ಕಾಯಿಲೆ ಇದೆಯೇ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯೇ ಎಂದು ಒಂದೊಂದಾಗಿ ಕೇಳಿದರು. ಥೈರಾಯ್ಡ್ ಕೂಡ ಹೀಗೇ ಆಟವಾಡಿಸುವುದರಿಂದ ಅದನ್ನೂ ಪರೀಕ್ಷೆಗೆ ಬರೆದರು. "ಬುದ್ಧಿ ಎಲ್ಲೂ ಜಾರಿಲ್ಲ ಟೀಚರ್. ನಿಮ್ಮ ಮೈಯಲ್ಲಿ ಒಂದು ಹಾರ್ಮೋನು ಕಮ್ಮಿಯಾಗಿದೆ, ನಿದ್ದೆ ಕೆಟ್ಟಿದೆ. ಒಂದೂವರೆ ವರ್ಷ ನಿದ್ದೆಗೆಟ್ಟವರಿಗೆ ಹದಿಮೂರೇಳು ಮರೆತ್ರೆ ಆಶ್ಚರ್ಯ ಏನು? ಪರೀಕ್ಷೆ ಎಲ್ಲಾ ಸರಿ ಬಂದ್ರೆ, ನೀವು ಒಪ್ಪಿದ್ರೆ, ಹಾರ್ಮೋನು ಕೊಡೋಣ. ನಿಮಗೆ ಗರ್ಭಕೋಶ ಇರೋದ್ರಿಂದ ಒಂದಲ್ಲ, ಎರಡು ಸೇರಿಸಿ ಕೊಡ್ಬೇಕು. ಮೂರು ತಿಂಗಳಿಗೆ ಮತ್ತೆ ನೋಡ್ತೀನಿ. ಅಷ್ಟರ ತನಕ ಯಾವ ದೊಡ್ಡ ಕಾಗದಕ್ಕೂ ಸಹಿ ಹಾಕ್ಬೇಡಿ."

ಚೀಟಪ್ಪನವರ ವಿಷಯಕ್ಕೆ ಬಂದರೆ, ತರಬೇತಿಯ ಕೊನೆಯಲ್ಲಿ ಅವರ ಹೆಸರಿನ ಮುಂದೆ "ಕಾರ್ಡು ಬಿಟ್ಟು ಮಾತಾಡಿದ್ದಾರೆ, ನಿಯಮ ಎರಡರ ಉಲ್ಲಂಘನೆ, ಮುಂದಿನ ಸಲ ಬೇಡ" ಎಂದು ಬರೆಯಲಾಯಿತು. ಅವರ ನಟನಾ ಜೀವನ ಅಲ್ಲಿಗೆ ಮುಗಿಯಿತು.

ಆ ಸಂಜೆ ಅವರು ಸ್ಕ್ರೂಡ್ರೈವರು ಹಿಡಿದು ಮಲಗುವ ಕೋಣೆಯ ಕಿಟಕಿಯ ಮುಂದೆ ನಿಂತು ಚಿಲಕವನ್ನೇ ಬಿಚ್ಚಿ ತೆಗೆದರು. ಮೂಲೆಯಲ್ಲಿ ಅವರದೊಂದು ದಪ್ಪ ಕಂಬಳಿ, ಕಿವಿ ಮುಚ್ಚುವ ಟೋಪಿ ಸಿದ್ಧವಾಗಿದ್ದವು. ಆಚೆ ಮನೆಯಿಂದ ಎಕ್ಸ್‌ಚೇಂಜಮ್ಮ ಕೇಳಿದರು. "ಮತ್ತೆ ಕಿಟಕಿ ಕೆಡ್ತಾ?"

"ಇಲ್ಲಮ್ಮ. ಕಿಟಕಿ ಮೊದಲಿಂದಾನೂ ಚೆನ್ನಾಗೇ ಇತ್ತು," ಎಂದರು ಚೀಟಪ್ಪನವರು.

ಚಿಲಕ ಹೋದ ಮೇಲೆ ಕಿಟಕಿಯ ಬಾಗಿಲು ಗಾಳಿಗೆ ಬಡಿದುಕೊಳ್ಳತೊಡಗಿತು. "ಇದಕ್ಕೊಂದು ಆಪು ಬೇಕಲ್ಲ. ಸ್ವಲ್ಪ ದಪ್ಪನೆ ಕಾಗದ ಇದ್ರೆ ಕೊಡೇ, ಮಡಚಿ ಸಿಕ್ಕಿಸ್ತೀನಿ."

ಟೀಚರಮ್ಮ ಕೈಚೀಲದ ತಳದಿಂದ ಒಂದು ಕಾಗದ ತೆಗೆದು ಕೊಟ್ಟರು. ಚೀಟಪ್ಪನವರು ಅದನ್ನು ಮಡಚಲು ಹೋದವರು ನಿಂತರು. ಬಿಡಿಸಿದರು. ಕನ್ನಡಕ ಹಾಕಿಕೊಂಡು, ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ ಎಂಬಲ್ಲಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದರು.

"ಇದು ಸೋಮವಾರ ಬೇಕಾಗಲ್ವಾ?"

"ಬೇಡ."

ಅವರು ಅದನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿ ಕಿಟಕಿಯ ಸಂದಿಗೆ ಒತ್ತಿ ಸಿಕ್ಕಿಸಿದರು. ಬಾಗಿಲು ಪೂರ್ತಿ ತೆರೆದುಕೊಂಡು ಅಲ್ಲಾಡದೆ ನಿಂತಿತು. ತಣ್ಣನೆಯ ಗಾಳಿ ಒಳಗೆ ಬಂತು. ಚೀಟಪ್ಪನವರು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು.